ರಾಯಕೋಟೆ ಸುತ್ತು ನಡಿಗೆ: ಕೋಟೆ, ಕುಂಟೆಗಳು, ಹಳಿ ಕಿತ್ತ ಸಣ್ಣ ರೈಲಿನ ದಾರಿ

ಕೆಲಮಂಗಲದವನು

ಹೊಸೂರು ಕಡೆಯವರು ಬೆಟ್ಟ ಹತ್ತಬೇಕು ಅಂದ ತಕ್ಷಣ ಬೈಕ್ ತಗೊಂಡು ಸಾವನದುರ್ಗಕ್ಕೋ ಸ್ಕಂದಗಿರಿಗೋ ಓಡುತ್ತಾರೆ. ಅಲ್ಲಿ ಹೋದರೆ ಕ್ಯೂ. ಇಲ್ಲೇ 30 ಕಿ.ಮೀ. ಆಸುಪಾಸಿನಲ್ಲಿ ರಾಯಕೋಟೆ ಇದೆ, ಭಾನುವಾರವೂ ಜನ ಕಡಿಮೆ. ಬಹಳ ಜನ ಹೊಸೂರಿನಿಂದ ಧರ್ಮಪುರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೋಟೆ ನೋಡಿರುತ್ತಾರೆ, ಇಳಿದಿರುವುದಿಲ್ಲ.

ಇಳಿದವರೂ ಏನು ಮಾಡುತ್ತಾರೆ ಅಂದರೆ, ಕೋಟೆ ಹತ್ತಿ, ಫೋಟೋ ತೆಗೆದು, ಅದೇ ದಾರಿಯಲ್ಲಿ ಇಳಿದು ಬಸ್ ಹತ್ತುತ್ತಾರೆ. ನನ್ನ ಪ್ರಕಾರ ಅದು ಅರ್ಧ ನೋಡಿದ ಹಾಗೆ. ಬೆಳಗ್ಗೆ ಬಿಸಿಲು ಏರುವ ಮುಂಚೆ ಕೋಟೆ ಮುಗಿಸಿ, ಇಳಿದ ಮೇಲೆ ಗುಡ್ಡದ ಬುಡದ ಕುರುಚಲು ಕಾಡಿನ ಅಂಚು ಹಿಡಿದು, ಕುಂಟೆಗಳ (ಮಳೆನೀರು ನಿಲ್ಲೋ ಸಣ್ಣ ಗುಂಡಿಗಳ) ಪಕ್ಕ ಹಾದು, ಹಳೇ ಸಣ್ಣ ರೈಲಿನ ದಿಬ್ಬ ಸೇರಿಕೊಂಡು ಸುತ್ತು ಹಾಕಿ ಊರಿಗೆ ಬಂದರೆ ಅರ್ಧ ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಕಷ್ಟದ ನಡಿಗೆ ಅಲ್ಲ. ಕೋಟೆಯ ಹತ್ತುದಾರಿ ಒಂದೇ ಏದುಸಿರು ಬರಿಸೋದು, ಮಿಕ್ಕಿದ್ದೆಲ್ಲ ಹೆಚ್ಚು ಕಡಿಮೆ ಸಮ.

ಹೌದು, ಸಣ್ಣ ರೈಲು. ಈಗ ಓಡುವ ಸೇಲಂ ರೈಲಿನ ಮಾತಲ್ಲ. ಅದಕ್ಕಿಂತ ಹಿಂದೆ ಇನ್ನೊಂದು ಇತ್ತು. ಹೋಗಿ ನೋಡಿದವರು ಯಾರಾದರೂ ಇದ್ದರೆ ಬರೆಯಿರಿ, ಗೊತ್ತಿಲ್ಲದವರು ಕೇಳಿ.

ಟೊಮೊಟೊ ಮಂಡಿ

ಅಣ್ಣ, ನಾನು ರಾಯಕೋಟೆಯಲ್ಲೇ ಹುಟ್ಟಿದವನು. ನೀವು ಹೇಳೋ ದಿಬ್ಬ ಕೆರೆ ಏರಿ. ನಮ್ಮ ಕಡೆ ಪ್ರತಿ ಹಳ್ಳಕ್ಕೂ ಒಂದು ಏರಿ ಇರುತ್ತೆ, ಹಳೇದಾದ ಮೇಲೆ ಮುಳ್ಳುಗಿಡ ಬೆಳೆದು ಹಾಗೇ ಕಾಣುತ್ತೆ. ಯಾರೋ ಯೂಟ್ಯೂಬಿನವರು ರೈಲು ಅಂದರು ಅಂತ ಎಲ್ಲರೂ ರೈಲು ಅನ್ನೋದು. ಕೋಟೆ ಚೆನ್ನಾಗಿದೆ, ಅದನ್ನ ನೋಡಿ. ಇಳಿದ ಮೇಲೆ ಮಂಡಿ ಕಡೆ ಬನ್ನಿ, ಟೊಮೊಟೊ ಕ್ರೇಟ್ ಏರಿಸೋದು ನೋಡೋಕೂ ಚೆನ್ನಾಗಿರುತ್ತೆ.

ಹಳೇ ಪ್ಯಾಸೆಂಜರ್

ರೈಲು ಇದ್ದದ್ದು ಯೂಟ್ಯೂಬಿನ ಕಥೆ ಅಲ್ಲ ತಮ್ಮಾ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಮದ್ರಾಸು–ಸೇಲಂ ದೊಡ್ಡ ಲೈನಿನಲ್ಲಿ ಮೊರಪ್ಪೂರು ಅಂತ ಸ್ಟೇಷನ್ ಇದೆ. ಅಲ್ಲಿಂದ ಧರ್ಮಪುರಿಗೆ 1906ರಲ್ಲಿ ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರದ, ಅಂದರೆ 762 ಮಿಲಿಮೀಟರ್ ಗೇಜಿನ ಪುಟ್ಟ ರೈಲು ಶುರುವಾಯಿತು. 1913ರಲ್ಲಿ ಅದನ್ನೇ ಹೊಸೂರಿನವರೆಗೆ ಎಳೆದರು. ಪಾಲಕ್ಕೋಡು, ಮಾರಂಡಹಳ್ಳಿ, ರಾಯಕೋಟೆ, ಕೆಲಮಂಗಲ ಹೀಗೆ ಬರುತ್ತಿತ್ತು. ಮೊರಪ್ಪೂರಿನಿಂದ ಹೊಸೂರಿಗೆ ಒಟ್ಟು 73 ಮೈಲಿ ಆಸುಪಾಸು. ಇದೇ ಥರ ಇನ್ನೊಂದು ಪುಟ್ಟ ರೈಲು ತಿರುಪತ್ತೂರಿನಿಂದ ಕೃಷ್ಣಗಿರಿಗೆ 1905ರಲ್ಲೇ ಬಂದಿತ್ತು. ಕೃಷ್ಣಗಿರಿ ಈಗ ಜಿಲ್ಲಾ ಕೇಂದ್ರ, ಆದರೆ ಊರಿಗೆ ರೈಲಿಲ್ಲ. ನೂರು ವರ್ಷದ ಹಿಂದೆ ಇತ್ತು!

ಯಾಕೆ ಹಾಕಿದರು ಅನ್ನೋದು ಮುಖ್ಯ. ಲಾಭಕ್ಕಲ್ಲ. 1876ರಿಂದ 78ರ ಧಾತು–ಈಶ್ವರ ಬರ ಕೇಳಿರುತ್ತೀರಿ, ನಮ್ಮ ಅಜ್ಜಿಯರು ಅದನ್ನೇ ಹೇಳಿ ಅನ್ನ ಚೆಲ್ಲಬೇಡ ಅಂತ ಬೈಯುತ್ತಿದ್ದರು. ಆಗ ನಾವೆಲ್ಲ ಸೇಲಂ ಜಿಲ್ಲೆ. ಆ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಸುಮಾರು 19.7 ಲಕ್ಷ ಇದ್ದದ್ದು 1881ರ ಎಣಿಕೆಗೆ 16 ಲಕ್ಷಕ್ಕೆ ಬಿದ್ದಿತ್ತು. ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ಎತ್ತಿನಗಾಡಿ ಸಾಕಾಗಲಿಲ್ಲ, ಎತ್ತುಗಳೇ ಮೇವಿಲ್ಲದೆ ಸತ್ತವು. ಹಾಗಾಗಿ ಬರ ಬರುವ ಸೀಮೆಗಳಿಗೆ ರೈಲು ಮುಟ್ಟಿಸಬೇಕು ಅಂತ ಸರಕಾರ ತೀರ್ಮಾನ ಮಾಡಿತು. ಈ ಸಣ್ಣ ಲೈನುಗಳು ಆ ಲೆಕ್ಕದಲ್ಲಿ ಬಂದವು. ದುಡ್ಡು ಕಡಿಮೆ, ಅದಕ್ಕೆ ಸಣ್ಣ ಗೇಜು.

1930ರ ದಶಕದಲ್ಲಿ ಮೋಟಾರ್ ಬಸ್ಸುಗಳು ಬಂದು ಇಂಥ ರೈಲುಗಳ ಗಿರಾಕಿಗಳನ್ನು ಕಿತ್ತುಕೊಂಡವು. 1941ರಲ್ಲಿ, ಯುದ್ಧದ ಸಮಯ, ನಮ್ಮ ರೈಲು ನಿಂತಿತು. ಹಳಿ ಕಿತ್ತರು. ಆಮೇಲೆ ಸೇಲಂ–ಬೆಂಗಳೂರು ಮೀಟರ್‌ಗೇಜ್ ಬರುವವರೆಗೆ ಹೊಸೂರಿಗೆ ರೈಲೇ ಇರಲಿಲ್ಲ. ಅದನ್ನು 1990ರ ದಶಕದಲ್ಲಿ ಬ್ರಾಡ್‌ಗೇಜ್ ಮಾಡಿದರು. ಈಗ ನೀವು ಹತ್ತೋದು ಅದು.

ಟೊಮೊಟೊ ಮಂಡಿ

ಸರಿ ಮಾವ, ರೈಲು ಇತ್ತು ಒಪ್ಪಿದೆ. ಆದರೆ ಈ ದಿಬ್ಬವೇ ಆ ರೈಲಿನದು ಅಂತ ಹೇಗೆ ಹೇಳುತ್ತೀರಿ? ಹೊಸ ಲೈನ್ ಹಾಕುವಾಗ ಹಳೇದೆಲ್ಲ ಅದರಲ್ಲೇ ಸೇರಿಕೊಂಡಿರಬೇಕಲ್ವಾ?

ಕೆಲಮಂಗಲದವನು

ಎಷ್ಟೋ ಕಡೆ ಸೇರಿಕೊಂಡಿರೋದು ನಿಜ, ಎಷ್ಟೋ ಕಡೆ ಹೊಲವಾಗಿದೆ, ರಸ್ತೆಯಾಗಿದೆ. ಅದಕ್ಕೇ ಉಳಿದ ತುಂಡಿಗೆ ಬೆಲೆ.

ಕೆರೆ ಏರಿಗೂ ರೈಲು ದಿಬ್ಬಕ್ಕೂ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಏರಿ ಹಳ್ಳಕ್ಕೆ ಅಡ್ಡ ಬರುತ್ತೆ, ಎರಡೂ ತುದಿಯಲ್ಲಿ ದಿಣ್ಣೆಗೆ ಸೇರಿ ಅಲ್ಲಿಗೆ ಮುಗಿಯುತ್ತೆ. ಅದಕ್ಕೆ ನೀರು ಬಿಡೋ ತೂಬು ಇರಬೇಕು, ಹೆಚ್ಚಾದ ನೀರು ಹರಿದು ಹೋಗೋ ಕೋಡಿ ಇರಬೇಕು, ಒಂದೇ ಬದಿಗೆ ನೀರು ನಿಲ್ಲಬೇಕು. ರೈಲು ದಿಬ್ಬ ದಿಣ್ಣೆ ಸಿಕ್ಕಿದರೆ ನಿಲ್ಲಲ್ಲ, ಅದನ್ನು ಸೀಳಿಕೊಂಡು ಆಚೆ ಹೋಗುತ್ತೆ. ದಿಬ್ಬ ಮುಗಿದ ಕಡೆ ತೋಡು, ತೋಡು ಮುಗಿದ ಕಡೆ ಮತ್ತೆ ದಿಬ್ಬ. ನೀರು ನಿಲ್ಲಿಸೋಕೆ ಕಟ್ಟಿದ್ದಲ್ಲ, ಹಾಗಾಗಿ ಹಳ್ಳ ಬಂದಲ್ಲೆಲ್ಲ ಕೆಳಗೆ ಕಲ್ಲಿನ ಮೋರಿ. ಏರುಪೇರು ಇರಲ್ಲ, ಸೈಕಲ್ ತುಳಿಯೋ ಮಗು ಕೂಡ ಸುಸ್ತಾಗದಷ್ಟು ಸಣ್ಣ ಏರು ಉದ್ದಕ್ಕೂ ಇರುತ್ತೆ.

ಇನ್ನು ಕುಂಟೆಗಳು. ಅದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ. ದಿಬ್ಬಕ್ಕೆ ಮಣ್ಣು ಎಲ್ಲಿಂದ ಬಂತು? ಲಾರಿ ಇಲ್ಲದ ಕಾಲ. ಪಕ್ಕದಲ್ಲೇ ಅಗೆದು ಬುಟ್ಟಿಯಲ್ಲಿ ಹೊತ್ತು ಸುರಿದರು. ಆ ಅಗೆದ ಗುಂಡಿಗಳು ದಿಬ್ಬದ ಎರಡೂ ಬದಿಗೆ, ಉದ್ದುದ್ದ, ಆಳ ಇಲ್ಲದೆ, ಮಧ್ಯ ಮಧ್ಯ ಮಣ್ಣಿನ ತಡೆ ಬಿಟ್ಟು ಸಾಲಾಗಿ ಉಳಿಯುತ್ತವೆ. ಮಳೆ ಬಂದರೆ ತುಂಬುತ್ತವೆ. ಈಗ ದನ ಕುಡಿಯುತ್ತೆ, ಕೊಕ್ಕರೆ ಬರುತ್ತೆ, ತಾವರೆ ಇಲ್ಲದಿದ್ದರೂ ನೈದಿಲೆ ಇದೆ. ನೋಡೋರಿಗೆ ಸುಮ್ನೆ ಕುಂಟೆ. ಎರಡೂ ಬದಿಗೆ ಸಾಲು ಕುಂಟೆ ಇರುವ ಕೆರೆ ಏರಿ ಎಲ್ಲಾದರೂ ನೋಡಿದ್ದೀಯಾ ಮಂಡಿ?

ಟೊಮೊಟೊ ಮಂಡಿ

ಹ್ಮ್. ನಮ್ಮ ಚಿಕ್ಕಪ್ಪನ ತೋಟದ ಹಿಂದೆ ಹಾಗೇ ಇದೆ. ಚಿಕ್ಕವರಿದ್ದಾಗ ಈಜು ಕಲಿತದ್ದು ಅಲ್ಲಿ. ಯಾರು ತೋಡಿದ್ದು ಅಂತ ಯಾರೂ ಕೇಳಿರಲಿಲ್ಲ. ಈ ಭಾನುವಾರ ಹೋಗಿ ತೂಬು ಇದೆಯಾ ನೋಡುತ್ತೇನೆ, ಇದ್ದರೆ ನಿಮ್ಮನ್ನ ಬಿಡಲ್ಲ.

ನಕ್ಷೆ ಹುಚ್ಚ

ತೂಬು ಹುಡುಕುವ ಮುಂಚೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದೆ. ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚು–ಒಂದು ಮೈಲಿ ನಕ್ಷೆಗಳ ಸ್ಕ್ಯಾನ್ ಸಿಗುತ್ತೆ. ಹೊಸೂರು, ಕೆಲಮಂಗಲ 57 ಎಚ್ ಹಾಳೆಗಳಲ್ಲಿ ಬರುತ್ತೆ. ರಾಯಕೋಟೆ 78 ಡಿಗ್ರಿ ರೇಖೆ ದಾಟಿದ ಕೂಡಲೇ ಇರೋದರಿಂದ 57 ಎಲ್‌ಗೆ ಹೋಗುತ್ತೆ, ಹಾಗಾಗಿ ಎರಡು ಹಾಳೆ ಜೋಡಿಸಿಕೊಳ್ಳಬೇಕು. 1941ಕ್ಕಿಂತ ಹಿಂದೆ ಅಳತೆ ಮಾಡಿದ ಆವೃತ್ತಿ ನೋಡಿ. ಅದನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ ಪಾರದರ್ಶಕ ಮಾಡಿದರೆ ಹಳೇ ಲೈನು ಎಲ್ಲಿ ಹೊಸದರಿಂದ ಬಿಟ್ಟು ಹೋಗುತ್ತೆ ಅಂತ ಕಾಣುತ್ತೆ. ಹೊಲದ ಬದುಗಳೆಲ್ಲ ಒಂದು ದಿಕ್ಕಿಗೆ ಇದ್ದು ಒಂದು ಬಾಗಿದ ಗೆರೆ ಮಾತ್ರ ಅವುಗಳನ್ನೆಲ್ಲ ಕತ್ತರಿಸಿಕೊಂಡು ಹೋದರೆ ಅನುಮಾನ ಪಡಿ.

ಬಾಗು ಕೂಡ ಒಂದು ಸುಳಿವು. ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ ದೊಡ್ಡ ತಿರುವು ಬೇಕು, ಗುಡ್ಡ ಬಂದರೆ ಕಡಿಯಬೇಕು. 762ರ ಪುಟ್ಟ ರೈಲು ಗುಡ್ಡವನ್ನು ಬಳಸಿಕೊಂಡು ಹೋಗುತ್ತೆ. ಹೊಸ ಲೈನ್ ನೇರ ಹೋದ ಕಡೆ ಹಳೇದು ಸುತ್ತು ಹಾಕಿದ್ದರೆ ಆ ಸುತ್ತು ಉಳಿದಿರೋ ಸಾಧ್ಯತೆ ಜಾಸ್ತಿ.

ಬೆಂಗಳೂರು ವೀಕೆಂಡ್

ಸೂಪರ್ ಥ್ರೆಡ್! ಶನಿವಾರ ಎಂಟು ಜನ ಬರುತ್ತಿದ್ದೇವೆ. ದಿಬ್ಬ ಶುರುವಾಗೋ ಜಾಗದ ಲೊಕೇಶನ್ ಪಿನ್ ಹಾಕಿ ಪ್ಲೀಸ್. ಡ್ರೋನ್ ಹಾರಿಸಬಹುದಾ? ಕೋಟೆಯಲ್ಲಿ ಟೆಂಟ್ ಹಾಕಬಹುದಾ?

ಕೆಲಮಂಗಲದವನು

ಪಿನ್ ಹಾಕಲ್ಲ, ಬೇಜಾರು ಮಾಡಿಕೊಳ್ಳಬೇಡಿ. ದಿಬ್ಬ ಕೆಲವು ಕಡೆ ಪಟ್ಟಾ ಜಮೀನಿನ (ಖಾಸಗಿಯವರ ಹೊಲದ) ಮಧ್ಯ ಹೋಗುತ್ತೆ. ಒಬ್ಬಿಬ್ಬರು ಹೋಗಿ ತೋಟದವರನ್ನ ಕೇಳಿದರೆ ಅವರೇ ಬಂದು ಮೋರಿ ತೋರಿಸುತ್ತಾರೆ, ಮಜ್ಜಿಗೆನೂ ಕೊಡುತ್ತಾರೆ. ಕನ್ನಡ, ತೆಲುಗು, ತಮಿಳು ಯಾವುದರಲ್ಲಿ ಕೇಳಿದರೂ ನಡೆಯುತ್ತೆ. ಪಿನ್ ನೋಡಿಕೊಂಡು ವಾರಕ್ಕೆ ನಾಲ್ಕು ಗುಂಪು ಬಂದರೆ ಮೂರನೇ ವಾರ ಬೇಲಿ ಬೀಳುತ್ತೆ, ಅವರದೂ ತಪ್ಪಿಲ್ಲ.

ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟೆಂಟ್ ಬೇಡ, ಬೆಂಕಿ ಬೇಡ, ಡ್ರೋನಿಗೆ ಅನುಮತಿ ಬೇಕು.

ಧರ್ಮಪುರಿ ಅಕ್ಕ

ನಾನು ಮಗಳ ಜೊತೆ ಬರೋಣ ಅಂತಿದ್ದೇನೆ, ಅವಳು ಆರನೇ ಕ್ಲಾಸ್. ಕೋಟೆ ಮೇಲೆ ನೋಡೋಕೆ ಏನಿದೆ, ನೀರು ಸಿಗುತ್ತಾ? ಕಾಡಿಗೆ ಪರ್ಮಿಷನ್ ಬೇಕಾ? ಎಲ್ಲರೂ ಮೋರಿ ಮೋರಿ ಅಂತಿದ್ದೀರಿ, ಇದನ್ನ ಯಾರೂ ಹೇಳಲಿಲ್ಲ.

ಹಳೇ ಪ್ಯಾಸೆಂಜರ್

ಕೋಟೆ ಬಗ್ಗೆ ನಾನು ಹೇಳುತ್ತೇನೆ ತಾಯಿ. ಮೇಲೆ ಹಾಳುಬಿದ್ದ ಗೋಡೆಗಳು, ಇಟ್ಟಿಗೆ ಕಟ್ಟಡಗಳ ಉಳಿಕೆ, ಬಂಡೆಯಲ್ಲಿ ನೀರು ನಿಲ್ಲೋ ಕೊಳಗಳು. ಕೊಳದ ನೀರು ಕುಡಿಯೋಕೆ ಆಗಲ್ಲ, ಕೆಳಗಿನಿಂದಲೇ ತಗೊಂಡು ಹೋಗಿ. ಮಗಳನ್ನ ಕೊಳದ ಅಂಚಿಗೆ ಬಿಡಬೇಡಿ, ಪಾಚಿ ಇರುತ್ತೆ.

ಆದರೆ ಹತ್ತಬೇಕಾದ್ದು ಗೋಡೆ ನೋಡೋಕಲ್ಲ, ಅಲ್ಲಿ ನಿಂತು ಕೆಳಗೆ ನೋಡೋಕೆ. ಒಂದು ಕಡೆ ಬಾರಾಮಹಲಿನ ಬಯಲು, ಪಾಲಕ್ಕೋಡು, ಧರ್ಮಪುರಿ ಕಡೆ ತಗ್ಗು. ಇನ್ನೊಂದು ಕಡೆ ಹೊಸೂರಿನ ಎತ್ತರದ ಸೀಮೆ, ನಮ್ಮ ರಾಗಿ ಸೀಮೆ. ಕೆಳಗಿನಿಂದ ಮೇಲಕ್ಕೆ ದಂಡು ಹತ್ತಬೇಕಾದರೆ ಈ ಸಂದಿಯಲ್ಲೇ ಬರಬೇಕು. ಅದಕ್ಕೇ ಇಲ್ಲಿ ಕೋಟೆ. ಟಿಪ್ಪು ಕೈಯಲ್ಲಿದ್ದ ಇದನ್ನು 1791ರಲ್ಲಿ ಮೇಜರ್ ಗೌಡಿ ಅನ್ನುವ ಇಂಗ್ಲಿಷ್ ಅಧಿಕಾರಿ ಹಿಡಿದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಕಂಪನಿಗೆ ಹೋಯಿತು. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಮೈಸೂರು ಸೀಮೆಗೆ ನುಗ್ಗಿದ್ದೂ ಇದೇ ರಾಯಕೋಟೆ ಕಡೆಯಿಂದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು.

ಈಗ ನೋಡಿ, ರೈಲಿನವರಿಗೂ ಅದೇ ಸಮಸ್ಯೆ. ಬಯಲಿನಿಂದ ಮೇಲೆ ಹತ್ತಬೇಕು, ಸಣ್ಣ ಇಂಜಿನ್ನು, ಕಡಿದಾದ ಏರು ಆಗಲ್ಲ. ದಂಡು ಬಂದ ಸಂದಿಯನ್ನೇ ಅವರೂ ಹಿಡಿದರು. ಮೇಲೆ ನಿಂತರೆ ಹೈವೇ, ಈಗಿನ ಲೈನು ಎಲ್ಲವೂ ಆ ಕಡೆಗೇ ಹೋಗೋದು ಕಾಣುತ್ತೆ. ಇದನ್ನ ನೋಡಿಕೊಂಡು ಆಮೇಲೆ ಕೆಳಗಿಳಿದು ದಿಬ್ಬದ ಮೇಲೆ ನಡೆದರೆ ಅರ್ಥವಾಗುತ್ತೆ. ಹಾಗಾಗಿ ಕೋಟೆ ಮೊದಲು, ರೈಲು ಆಮೇಲೆ ಅಂತ ಕೆಲಮಂಗಲದವರು ಹೇಳಿದ್ದು ಸರಿ. ಬಿಸಿಲಿನ ಕಾರಣಕ್ಕೂ ಸರಿ: ಕೋಟೆಯಲ್ಲಿ ನೆರಳಿಲ್ಲ, ದಿಬ್ಬದ ಅಕ್ಕಪಕ್ಕ ಹುಣಸೆ, ಹೊಂಗೆ ಇದೆ.

ಮಗಳಿಗೆ ಹಕ್ಕಿ ಇಷ್ಟವಾದರೆ ಬಂಡೆಗಳ ನಡುವಿನ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಹುಡುಕೋಕೆ ಹೇಳಿ. ಎಲ್ಲ ಕಡೆ ಸಿಗದ ಹಕ್ಕಿ ಅದು, ನಮ್ಮ ಕಡೆಯ ಕಲ್ಲುಗುಡ್ಡಗಳೇ ಅದಕ್ಕೆ ಬೇಕು. ಕಾಣದಿದ್ದರೆ ನನ್ನನ್ನ ಬೈಬೇಡಿ.

ಸಾನಮಾವು ಕಡೆಯವನು

ಪರ್ಮಿಷನ್ ವಿಷಯ ಅಕ್ಕ: ಮೀಸಲು ಅರಣ್ಯದೊಳಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದವರು ಸತ್ತ ಮೇಲೆ ತಮಿಳುನಾಡಿನಲ್ಲಿ ನಿಯಮ ಬಿಗಿ ಆಗಿದೆ. ಕೋಟೆಗೆ ಹೋಗೋದಕ್ಕೆ ಇದು ಬೇಡ. ಕಾಡಿನ ಅಂಚಿನ ಊರ ದಾರಿಯಲ್ಲೇ ನಡೆದು ಸುತ್ತು ಮುಗಿಸಬಹುದು, ಒಳಗೆ ನುಗ್ಗೋದು ಬೇಡ. ಸರಿಯಾದ ಕಾಡೇ ಬೇಕು ಅನ್ನೋರಿಗೆ ಸರಕಾರದ ಟ್ರೆಕ್ ತಮಿಳುನಾಡು ಅಂತ 2024ರಲ್ಲಿ ಶುರುವಾಗಿದೆ, ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಗುತ್ತಿರಾಯನ್ ಬೆಟ್ಟ ಮತ್ತು ಅಯ್ಯೂರು–ಸಾಮಿ ಏರಿ ದಾರಿಗಳು ಅದರಲ್ಲಿವೆ. ದುಡ್ಡು ಕಟ್ಟಿ ಬುಕ್ ಮಾಡಿದರೆ ದಾರಿ ತೋರಿಸೋರು ಜೊತೆಗೆ ಬರುತ್ತಾರೆ.

ಅದಕ್ಕಿಂತ ಮುಖ್ಯ, ಇಷ್ಟು ಉದ್ದದ ಚರ್ಚೆಯಲ್ಲಿ ಯಾರೂ ಆನೆ ಅಂತ ಒಂದು ಮಾತು ಬರೆದಿಲ್ಲ. ಮಳೆಗಾಲ ಮುಗಿದು ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಆನೆ ಹಿಂಡು ಬರುತ್ತೆ. ದೆಂಕಣಿಕೋಟೆ ಕಾಡು ದಾಟಿ ಸಾನಮಾವು ಕಾಡಿನಲ್ಲಿ ಬೀಡು ಬಿಡುತ್ತೆ. ಹೊಸೂರು–ರಾಯಕೋಟೆ ರಸ್ತೆ ಆ ಕಾಡಿನ ಮಧ್ಯದಲ್ಲೇ ಹೋಗೋದು. ಹಗಲು ಕಾಡಲ್ಲಿ, ಕತ್ತಲಾದ ಮೇಲೆ ಹೊಲದಲ್ಲಿ. ನೀವು ಹೊಗಳುತ್ತಿರೋ ಕುಂಟೆಗಳಿಗೆ ನೀರು ಕುಡಿಯೋಕೆ ಸಂಜೆ ಬರೋದು ಕೊಕ್ಕರೆ ಮಾತ್ರ ಅಲ್ಲ.

ನವೆಂಬರಿನಿಂದ ಜನವರಿವರೆಗೆ ಬರಲೇಬೇಡಿ ಅನ್ನಲ್ಲ. ಬಸ್ ಇಳಿದ ಕೂಡಲೇ ಟೀ ಅಂಗಡಿಯಲ್ಲಿ ಕೇಳಿ, ಆನೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಿರುತ್ತೆ. ಇಲಾಖೆಯವರೂ ಹಳ್ಳಿಗಳಲ್ಲಿ ಮೈಕ್ ಹಾಕಿ ಹೇಳುತ್ತಾರೆ. ಈ ಕಡೆ ಇದೆ ಅಂದರೆ ಕೋಟೆ ಮಾತ್ರ ನೋಡಿ ವಾಪಸ್ ಹೋಗಿ. ಮಧ್ಯಾಹ್ನ ಮೂರರ ಮೇಲೆ ಕುಂಟೆ ಕಡೆ ಇರಬೇಡಿ, ಯಾವ ಕಾಲದಲ್ಲೂ.

ಕೆಲಮಂಗಲದವನು

ಇದನ್ನ ಇಷ್ಟು ಚೆನ್ನಾಗಿ ಹೇಳೋಕೆ ನೀವೇ ಬೇಕಿತ್ತು. ನನಗೆ ಹಿಡಿಸೋ ಕಾಲ ಆಗಸ್ಟ್, ಸೆಪ್ಟೆಂಬರ್. ಕುಂಟೆಯಲ್ಲಿ ನೀರು ಇರುತ್ತೆ, ರಾಗಿ ಇನ್ನೂ ಪೈರು, ಮೋಡ ಇದ್ದರೆ ಬಂಡೆ ಕಾಯಲ್ಲ. ಮಾರ್ಚ್, ಏಪ್ರಿಲ್ ಬೇಡ. ಕುಂಟೆ ಒಣಗಿ ಹೆಂಟೆ ಆಗಿರುತ್ತೆ, ಎಲ್ಲಿ ನೋಡಿದರೂ ಲಂಟಾನ ಕಡ್ಡಿ.

ಇನ್ನೊಂದು. ಹಳೇ ದಿಬ್ಬ ಹೊಸ ಲೈನಿನ ಹತ್ತಿರ ಬರುವ ಕಡೆ ಕೆಲವರು ಸುಲಭ ಅಂತ ಓಡುವ ಲೈನಿನ ಮೇಲೇ ನಡೆಯುತ್ತಾರೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾನೂನು ಬಿಡಿ, ತೋಡಿನ ತಿರುವಿನಲ್ಲಿ ಗಾಡಿ ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ, ವಿದ್ಯುತ್ ಇಂಜಿನ್ ಸದ್ದು ಹತ್ತಿರ ಬರುವವರೆಗೆ ಕೇಳಲ್ಲ.

ಟೊಮೊಟೊ ಮಂಡಿ

ಹೋಗಿ ಬಂದೆ. ತೂಬು ಇಲ್ಲ. ಕೋಡಿಯೂ ಇಲ್ಲ. ಚಿಕ್ಕಪ್ಪನ ತೋಟ ದಾಟಿ ಬೇಲಿ ಹಾರಿದರೆ ಮುಂದೆ ದಿಣ್ಣೆ ಸೀಳಿದ ತೋಡು ಇದೆ, ಅದರೊಳಗೆ ಜಾಲಿ ಬೆಳೆದು ಹೋಗೋಕೆ ಆಗಲ್ಲ. ಈಚೆ ಬದಿ ಕಲ್ಲು ಕೆತ್ತಿ ಕಟ್ಟಿದ ಮೋರಿ, ಗಾರೆ ಇನ್ನೂ ಗಟ್ಟಿ. ಚಿಕ್ಕಪ್ಪನ್ನ ಕೇಳಿದೆ. ‘ಅದು ರೈಲಿನದು ಕಣೋ, ನಮ್ಮಪ್ಪ ಹೇಳುತ್ತಿದ್ದ, ನೀನು ಯಾವತ್ತು ಕೇಳಿದ್ದೆ?’ ಅಂದ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ ಪುಣ್ಯಾತ್ಮ! ಮೋರಿ ಮೇಲೆ ಹಸಿ ಲದ್ದಿ ಕೂಡ ಇತ್ತು, ಆದರೆ ಅದು ಎಮ್ಮೆದು ಅಂತ ಚಿಕ್ಕಪ್ಪ ವಾದ ಮಾಡಿದ, ನಾನು ಒಪ್ಪಿಲ್ಲ.

ಹಳೇ ಪ್ಯಾಸೆಂಜರ್

ಮೋರಿಯ ಅಗಲ ಅಳೆದು ಹಾಕು. ಗೋಡೆ ಮೇಲೆ ಎಲ್ಲಾದರೂ ನಂಬರ್ ಅಥವಾ ಇಸವಿ ಕೆತ್ತಿದೆಯಾ ನೋಡು. ಕಲ್ಲು ಯಾರಾದರೂ ಮನೆ ಕಟ್ಟೋಕೆ ಒಯ್ಯುವ ಮುಂಚೆ ಫೋಟೋ ಇರಬೇಕು. ಮೊರಪ್ಪೂರು–ಧರ್ಮಪುರಿ ನಡುವೆ ಮತ್ತೆ ಲೈನ್ ಹಾಕೋಕೆ, ಸುಮಾರು 36 ಕಿ.ಮೀ., ಮಂಜೂರಾತಿ ಸಿಕ್ಕಿದೆ. ಅಲ್ಲಿ ಕೆಲಸ ನಡೆದರೆ ಆ ಕಡೆಯ ಹಳೇ ಗುರುತುಗಳೂ ಹೋಗಬಹುದು. ಧರ್ಮಪುರಿ ಅಕ್ಕನಂಥವರು ಆ ಬದಿ ನೋಡಿಕೊಳ್ಳಬೇಕು.

ಧರ್ಮಪುರಿ ಅಕ್ಕ

ನೋಡಿಕೊಳ್ಳುತ್ತೇನೆ, ಮೊದಲು ರಾಯಕೋಟೆ ಆಗಲಿ. ನಾವು ರೈಲಿನಲ್ಲೇ ಬರುತ್ತೇವೆ, ಪ್ಯಾಸೆಂಜರ್ ರಾಯಕೋಟೆಯಲ್ಲಿ ನಿಲ್ಲುತ್ತೆ ಅಂತ ನೋಡಿದೆ, ವಾಪಸ್ಸಿಗೆ ಬಸ್ಸು. ಕೊನೇ ಪ್ರಶ್ನೆ, ಮಗಳು ನಾಯಿ ಕರೆದುಕೊಂಡು ಹೋಗೋಣ ಅಂತ ಹಟ ಮಾಡುತ್ತಿದ್ದಾಳೆ. ರೈಲಿನ ಮಾತು ಬಿಡಿ, ನಮ್ಮ ತಮ್ಮನ ಕಾರಿನಲ್ಲಿ ಬಂದರೆ ತರಬಹುದಾ?

ಸಾನಮಾವು ಕಡೆಯವನು

ಬೇಡ ಅಕ್ಕ. ನಾಯಿ ಆನೆ ಕಂಡರೆ ಬೊಗಳಿಕೊಂಡು ಹೋಗುತ್ತೆ, ಆನೆ ತಿರುಗಿದರೆ ಓಡಿ ನಿಮ್ಮ ಹತ್ತಿರಕ್ಕೇ ಬರುತ್ತೆ, ಹಿಂದೆ ಆನೆ. ಚಿರತೆಗೂ ನಾಯಿ ಅಂದರೆ ಇಷ್ಟ. ಮನೆಯಲ್ಲೇ ಬಿಟ್ಟು ಬನ್ನಿ. ಮಗಳಿಗೆ ಪೂರ್ತಿ ಪ್ಯಾಂಟ್ ಹಾಕಿಸಿ, ಜಾಲಿಮುಳ್ಳು ಚಪ್ಪಲಿ ತೂರಿಕೊಂಡು ಬರುತ್ತೆ, ಶೂ ಇರಲಿ. ಬರೋ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ಆನೆ ಯಾವ ಕಡೆ ಇದೆ ಅಂತ ಕೇಳಿ ಹೇಳುತ್ತೇನೆ.